ಅಪ್‌ಡೇಟ್: ವೀಣೆ ಮಾರಲಿಲ್ಲ, ಮೇಳ ಕಟ್ಟಿಸಿದೆ

ಬೆರಳಿನ ಗಂಟು ನೋವು, ಮಂಡಿ ನೋವು ಎರಡೂ ಸೇರಿ, ಹಳೆಯ ಸರಸ್ವತಿ ವೀಣೆ ಮಾರಿ ಎಲೆಕ್ಟ್ರಾನಿಕ್ ವೀಣೆ ತಗೊಳ್ಳಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಮಾರಲಿಲ್ಲ.

ಮೊದಲು ಮೇಳ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿದ ಕಟ್ಟು, ನೋಡಿಸಿ ಅಂದಿದ್ದಿರಲ್ಲ, ಅದೇ ಸರಿಯಾದ ಸಲಹೆ. ರಿಪೇರಿಯವರು 24 ಮೆಟ್ಟಿಲನ್ನೂ (ತಂತಿ ಒತ್ತುವ ಲೋಹದ ಪಟ್ಟಿಗಳು) ಬಿಚ್ಚಿ, ಹಳೆಯ ಮೇಣ ಕೆರೆದು ತೆಗೆದರು. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಹೊಸದಾಗಿ ಕಟ್ಟಿದರು. ಮೇಣ ಮೆತ್ತಗಿರುವಾಗಲೇ ಒಂದೊಂದು ಮೆಟ್ಟಿಲನ್ನೂ ಒತ್ತಿ, ತಂತಿ ಮೀಟಿ, ಕಿವಿಗೊಟ್ಟು, ಕೂದಲೆಳೆಯಷ್ಟು ಸರಿಸುತ್ತಿದ್ದರು. ನೋಡುತ್ತಾ ಕೂತವನಿಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಈಗ ತಂತಿ ಮೆಟ್ಟಿಲಿಗೆ ಹತ್ತಿರ ಬಂದಿದೆ. ಒತ್ತೋಕೆ ಜಾಸ್ತಿ ಬಲ ಬೇಡ.

ಶ್ರುತಿಯನ್ನೂ (ಆಧಾರ ಸ್ವರದ ಎತ್ತರ) ಮೂರರಿಂದ ಎರಡೂವರೆಗೆ ಇಳಿಸಿದೆ. ಬಿಗಿ ಕಡಿಮೆಯಾಗಿ, ಗಮಕಕ್ಕೆ, ಅಂದರೆ ಸ್ವರವನ್ನು ಓಲಾಡಿಸೋಕೆ, ತಂತಿ ಎಳೆಯುವುದು ಎಷ್ಟೋ ಹಗುರ. ತೋಡಿ ರಾಗದ ಗಾಂಧಾರ ಸ್ವರ ಮತ್ತೆ ಕೈಗೆ ಬರುತ್ತಿದೆ! ಸುಮ್ನೆ ಅದೊಂದನ್ನೇ ಎಷ್ಟೋ ಹೊತ್ತು ನುಡಿಸಿದ್ದೇನೆ.

ಮಂಡಿಗೆ ಕುರ್ಚಿಯೇ ಸರಿ ಅನ್ನಿಸಿತು, ವೀಣೆ ಮುಂದಿನ ಸ್ಟ್ಯಾಂಡ್ ಮೇಲೆ. ತಂಬೂರಿಗೆ ಫೋನಿನ ಆ್ಯಪ್ ಸಾಕು. ವೀಣೆಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಸದ್ಯಕ್ಕೆ ಬೇಡ, ಮನೆಯಲ್ಲಿ ನುಡಿಸೋಕೆ ಹಲಸಿನ ಮರದ ನಾದವೇ ಧಾರಾಳ ಅಲ್ವಾ?