ಹದಿನಾಲ್ಕು ಮನೆಗಳಿಗೆ ಬಿಸಿನೀರು: ಸೋಲಾರೋ, ಹೀಟ್ ಪಂಪೋ, ಹಂಡೆಯೋ?

ಪ್ರಶ್ನೆ (ಬದಿಯಡ್ಕದಿಂದ)

ಹಿರಿಯರ ಜಾಗದಲ್ಲಿ ಅಣ್ಣತಮ್ಮಂದಿರು, ನೆಂಟರು ಸೇರಿ ಹದಿನಾಲ್ಕು ಮನೆ ಕಟ್ಟಿಸುತ್ತಿದ್ದೇವೆ. ಪಂಚಾಂಗದ (ಅಡಿಪಾಯದ) ಕೆಲಸ ಮುಗಿದಿದೆ, ಪೈಪು ಹಾಕುವ ಮೊದಲು ತೀರ್ಮಾನವಾಗಬೇಕು. ಮನೆ ಬೆಚ್ಚಗಿಡುವ ಚಿಂತೆ ನಮಗಿಲ್ಲ, ಸ್ನಾನದ ಬಿಸಿನೀರಿನದೇ ಪ್ರಶ್ನೆ. ಇಂಗಾಲದ ಹೊರೆ ಕಡಿಮೆಯಿರಬೇಕು ಎನ್ನುವಲ್ಲಿ ಎಲ್ಲರದೂ ಒಂದೇ ಮಾತು. ದೊಡ್ಡಣ್ಣ ಮನೆಗೊಂದು ಸೋಲಾರ್ ವಾಟರ್ ಹೀಟರ್ ಎನ್ನುತ್ತಾರೆ. ಇಂಜಿನಿಯರರು ನಡುವಿನಲ್ಲಿ ಒಂದೇ ದೊಡ್ಡ ಹೀಟ್ ಪಂಪ್ ಇಟ್ಟು ಎಲ್ಲರಿಗೂ ಪೈಪ್ ಎಳೆಯೋಣ ಎನ್ನುತ್ತಾರೆ. ಚಿಕ್ಕಮ್ಮನಿಗೆ ಹಂಡೆ ಒಲೆಯೇ ಬೇಕು. ತಿಳಿದವರು ಹೇಳಿ.

ಉತ್ತರ (ಕುಂಬಳೆಯಿಂದ)

ಅಣ್ಣಾ, ಮನೆಗಳಿಗೆ ನೀರು, ವಿದ್ಯುತ್ತಿನ ಕೆಲಸ ಮಾಡುವವನು ನಾನು. ಮಾರ್ಚಿನ ಬಿಸಿಲು ನೋಡಿ ತೀರ್ಮಾನಿಸಬೇಡಿ. ಬಿಸಿನೀರು ನಿಜಕ್ಕೂ ಬೇಕಾಗುವುದು ಮಳೆಗಾಲದಲ್ಲಿ, ಆಟಿಯಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣದಿರುವಾಗ. ಆಗ ಸೋಲಾರ್ ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲೇ ನೀರು ಕಾಯಿಸುತ್ತದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಬೇಕು. ಹೀಟ್ ಪಂಪಿಗೆ ಒಂದು, ಒಂದೂಕಾಲು ಯೂನಿಟ್ ಸಾಕು, ಏಕೆಂದರೆ ಅದು ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ದಾಟಿಸುತ್ತದೆ. ಗಾಳಿ ಸೊನ್ನೆ ಡಿಗ್ರಿಗಿಳಿಯುವ ಊರುಗಳಲ್ಲಿ ಅದು ಏದುಸಿರು ಬಿಡುತ್ತದೆ. ನಮ್ಮಲ್ಲಿ ಜಡಿಮಳೆಯಲ್ಲೂ ಗಾಳಿ ಬೆಚ್ಚಗಿರುತ್ತದೆ. ಗಾಳಿಯ ತೇವ ನೀರಾಗುವಾಗ ಬಿಡುವ ಶಾಖವೂ ಅದಕ್ಕೇ ಸಿಗುತ್ತದೆ. ಆ ನೀರು ಹರಿದುಹೋಗಲು ಸಣ್ಣ ಪೈಪ್ ಇಡಿಸಿ.

ಆದರೆ ನಡುವಿನಲ್ಲಿ ಒಂದೇ ಯಂತ್ರ ಬೇಡವೇ ಬೇಡ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಬೇಕಾದರೆ ಅದು ಪೈಪಿನಲ್ಲಿ ಸುತ್ತುತ್ತಲೇ ಇರಬೇಕು. ಒದ್ದೆ ಮಣ್ಣಿನೊಳಗೆ ಅಷ್ಟುದ್ದ ಹೋದರೆ ಉಳಿಸಿದ ಶಾಖವೆಲ್ಲ ಮಣ್ಣಿನ ಪಾಲು. ಫ್ಲ್ಯಾಟ್ ಆಗಿದ್ದರೆ ಮಾತು ಬೇರೆ. ಮನೆಗೊಂದು ಸಣ್ಣ ಯಂತ್ರವನ್ನು ಬಚ್ಚಲಿನ ಗೋಡೆಯ ಹೊರಗೇ ಇಡಿ, ಮಲಗುವ ಕೋಣೆಯ ಕಿಟಕಿಯ ಬಳಿ ಬೇಡ, ಸದ್ದಿದೆ.

ಕೊಳ್ಳುವಾಗ ಯಂತ್ರದ ಬದಿಯ ಫಲಕ ಓದಿ. ಯಂತ್ರದೊಳಗೆ ಶಾಖ ಹೊತ್ತು ಸುತ್ತುವ ಅನಿಲದ ಹೆಸರು ಅದರಲ್ಲಿರುತ್ತದೆ. ಅದು ಆರ್-410ಎ ಎಂದಿದ್ದರೆ, ಆ ಅನಿಲ ಒಂದು ಕಿಲೋ ಸೋರಿದರೂ ಎರಡು ಟನ್ನಿಗೆ ಮಿಕ್ಕ ಇಂಗಾಲದ ಡೈಆಕ್ಸೈಡ್ ಬಿಟ್ಟ ಲೆಕ್ಕ. ಆರ್-290, ಅಂದರೆ ಪ್ರೊಪೇನ್, ಸಿಕ್ಕಿದರೆ ಅದನ್ನೇ ಆರಿಸಿ. ಅದು ಹೊತ್ತಿಕೊಳ್ಳುವ ಅನಿಲ, ಹಾಗಾಗಿ ಯಂತ್ರ ಹೊರಗಡೆಯೇ ಇರಲಿ. ಇನ್ನೊಂದು ಮಾತು, ನಮ್ಮ ಮುರಕಲ್ಲಿನ ಬಾವಿಗಳ ನೀರಿಗೆ ಸಾಮಾನ್ಯವಾಗಿ ಆಮ್ಲದ ಗುಣವಿದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯಲೆಂದು ಒಳಗಿಟ್ಟಿರುವ ಮೆಗ್ನೀಸಿಯಂ ಸರಳನ್ನು ಅದು ಬೇಗ ತಿನ್ನುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸದಿದ್ದರೆ ಮುಂದಿನ ಸರದಿ ಟ್ಯಾಂಕಿನದೇ.

ಉತ್ತರ (ಮುಳ್ಳೇರಿಯದಿಂದ)

ಚಿಕ್ಕಮ್ಮನ ಮಾತನ್ನು ತಳ್ಳಿಹಾಕಬೇಡಿ. ಗೆರಟೆ, ಅಡಿಕೆ ಸಿಪ್ಪೆ, ಒಣ ಮಡಲು ತೋಟದಲ್ಲೇ ಇವೆ. ಸುಟ್ಟಾಗ ಹೊರಬರುವುದು ಮರ ಗಾಳಿಯಿಂದ ಹೀರಿದ್ದ ಇಂಗಾಲವೇ. ತೊಡಕು ಹೊಗೆಯದು. ಮನೆಗಳು ಒತ್ತಾಗಿದ್ದರೆ ಒಬ್ಬರ ಹೊಗೆ ಇನ್ನೊಬ್ಬರ ಕಿಟಕಿಗೆ. ಹಿತ್ತಿಲಿನ ಕಡೆಯ ಒಂದೆರಡು ಮನೆಗಳಿಗೆ, ಮಾಡಿಗಿಂತ ಎತ್ತರದ ಚಿಮಣಿಯೊಂದಿಗೆ ಹಂಡೆ ಇರಲಿ. ಗ್ಯಾಸ್ ಗೀಸರನ್ನು ಮಾತ್ರ ಮುಚ್ಚಿದ ಬಚ್ಚಲೊಳಗೆ ಯಾರೂ ಹಾಕಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ಹೋಗುತ್ತದೆ.

ಕೇಳಿದವರು

ಇಬ್ಬರಿಗೂ ಕೃತಜ್ಞತೆ. ಟೆರೇಸಿನ ಮೇಲೆ ತಗಡಿನ ಮಾಡು ಹಾಕುವವರಿದ್ದೇವೆ. ಹಾಗಾದರೆ ಸೋಲಾರ್ ಪೂರ್ತಿ ಕೈಬಿಡಬೇಕೇ?

ಉತ್ತರ (ಕುಂಬಳೆಯಿಂದ)

ಬಿಡಬೇಡಿ, ನೀರು ಕಾಯಿಸುವ ಸೋಲಾರಿನ ಬದಲು ವಿದ್ಯುತ್ ಕೊಡುವ ಸೋಲಾರ್ ಹಾಕಿಸಿ. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಯೊಂದರ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಹೀಟ್ ಪಂಪಿನ ಟೈಮರನ್ನು ನಡುಹಗಲಿಗೆ ಇಟ್ಟರೆ ನೀರು ಬಿಸಿಲಿನ ವಿದ್ಯುತ್ತಿನಲ್ಲೇ ಕಾಯುತ್ತದೆ, ಸಂಜೆಯ ಸ್ನಾನಕ್ಕೂ ಮರುದಿನ ಬೆಳಗ್ಗೆಗೂ ಟ್ಯಾಂಕಿನಲ್ಲಿ ಬಿಸಿಯಾಗಿಯೇ ಇರುತ್ತದೆ. ಹದಿನಾಲ್ಕು ಮನೆಯ ಗೀಸರ್‌ಗಳು ಬೆಳಗ್ಗೆ ಆರಕ್ಕೆ ಒಟ್ಟಿಗೆ ಚಾಲೂ ಆದರೆ, ತಲಾ ಎರಡು ಕಿಲೋವ್ಯಾಟ್ ಎಂದರೂ 28 ಕಿಲೋವ್ಯಾಟಿನ ಭಾರ ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುತ್ತದೆ, ಅದೂ ತಪ್ಪುತ್ತದೆ. ಮಾಡಿನ ದೊಡ್ಡ ಇಳಿಜಾರು ದಕ್ಷಿಣಕ್ಕೆ ಬರಲಿ ಎಂದು ಇಂಜಿನಿಯರರಿಗೆ ಈಗಲೇ ಹೇಳಿ.