ಉಪ್ಪುನೀರಿನ ಕಯಾಕ್ ಗಾಳಕ್ಕೆ ಕಡಿಮೆ ಬೆಲೆಯ ಸ್ಪಿನ್ನಿಂಗ್ ರೀಲ್: ಗೋವಾದಲ್ಲಿರುವವರ ಅನುಭವ ಹಂಚಿಕೆ

ಪ್ರಶ್ನೆ, ಪಣಜಿಯಿಂದ:
ನಮಸ್ಕಾರ. ಮೇಲೆ ಕೂತು ಹುಟ್ಟು ಹಾಕುವಂಥ ಕಯಾಕ್ ತಗೊಂಡಿದ್ದೀನಿ. ಮಾಂಡೋವಿ, ಜುವಾರಿ ಅಳಿವೆಯಲ್ಲಿ ಚೊಣಕ್ (ಬ್ಯಾರಮಂಡಿ) ಮತ್ತು ಕೆಂಬೇರಿ, ಸಮುದ್ರ ಶಾಂತವಿದ್ದಾಗ ದಡದ ಹತ್ತಿರವೇ ಬಂಗುಡೆ, ಸಣ್ಣ ಅಂಜಲ್ ಹಿಡಿಯೋ ಯೋಚನೆ. ದಾರ ಸುತ್ತೋ ರೀಲಿಗೆ ಐದು ಸಾವಿರ ಇಟ್ಟಿದ್ದೀನಿ, ತೀರಾ ಬೇಕಾದರೆ ಇನ್ನೊಂದು ಸಾವಿರ. ಲೋಹದ ಬಾಡಿಯೇ ಆಗಬೇಕಾ? ಬೇರಿಂಗ್ ಎಷ್ಟಿರಬೇಕು? 4000 ಸೈಜ್ ಸಾಕಾ, 5000 ಬೇಕಾ? ಬಲ್ಲವರು ದಯವಿಟ್ಟು ತಿಳಿಸಿ.

ವಾಸ್ಕೋದಿಂದ:
ಸರ್, ಮೊದಲು ಒಂದು ವಿಷಯ. ಕಯಾಕಿನಲ್ಲಿ ರೀಲ್ ಹಾಳಾಗೋದು ಮೀನಿನ ಎಳೆತಕ್ಕಲ್ಲ, ಉಪ್ಪಿಗೆ. ದೋಣಿಯಲ್ಲಾದರೆ ರೀಲ್ ನೀರಿಗಿಂತ ಮೂರು ನಾಲ್ಕು ಅಡಿ ಮೇಲಿರುತ್ತೆ. ಕಯಾಕಿನಲ್ಲಿ ಸೀಟಿನ ಹಿಂದೆ ರಾಡ್ (ಗಾಳದ ಕೋಲು) ನಿಲ್ಲಿಸೋ ಹೋಲ್ಡರ್ ನೀರಿಗೆ ತಾಗಿದ ಹಾಗೇ ಇರುತ್ತೆ. ಹುಟ್ಟಿನಿಂದ ತೊಟ್ಟಿಕ್ಕಿದ್ದು, ಅಲೆ ಚಿಮ್ಮಿದ್ದು ಎಲ್ಲ ರೀಲಿನ ಮೇಲೇ. ಹಾಗಾಗಿ "ಎಷ್ಟು ಗಟ್ಟಿ" ಅನ್ನೋದಕ್ಕಿಂತ "ನೀರು ಎಲ್ಲಿಂದ ಒಳಗೆ ಹೋಗುತ್ತೆ, ಬಿಚ್ಚಿ ತೊಳೆಯೋದು ಎಷ್ಟು ಸುಲಭ" ಅಂತ ನೋಡಿ.

ಬೇರಿಂಗ್ ಲೆಕ್ಕ ಬಿಟ್ಟುಬಿಡಿ. ಈ ಬೆಲೆಯಲ್ಲಿ 12+1, 13+1 ಅಂತ ಬರೆದಿರುವ ರೀಲಿನಲ್ಲಿ ಒಂದೊಂದು ಬೇರಿಂಗೂ ತುಕ್ಕು ಹಿಡಿಯುವ ಒಂದೊಂದು ಜಾಗ. ಒಳ್ಳೇ ಕಂಪನಿಯ ಮೂರು ನಾಲ್ಕು ಬೇರಿಂಗ್ ಸಾಕು.

ಸೈಜ್: ನೀವು ಹೇಳಿದ ಮೀನಿಗೆ 4000. ಆದರೆ 4000 ಎಂಬ ಅಂಕಿ ಎಲ್ಲ ಕಂಪನಿಗೂ ಒಂದೇ ಅಳತೆಯಲ್ಲ. ಡೈವಾದ ಎಲ್‌ಟಿ ಸಾಲಿನವು ಚಿಕ್ಕವು, ಹಗುರ. ಪೆನ್‌ನವು ದೊಡ್ಡವು, ತೂಕದವು. 20 ಪೌಂಡ್ ಎಳೆತ ತಡೆಯೋ ಬ್ರೇಡ್ (ಹೆಣೆದ ದಾರ) 200 ಮೀಟರ್ ಹಿಡಿದರೆ ಆಯ್ತು, ಸ್ಪೂಲ್ (ದಾರ ಸುತ್ತೋ ಉರುಳೆ) ಮೇಲಿನ ಅಂಕಿ ನೋಡಿ ತಗೊಳ್ಳಿ. ಕೂತೇ ದಿನವಿಡೀ ಎಸೆಯಬೇಕು ಅನ್ನೋದು ನೆನಪಿರಲಿ, 5000ದ ಭಾರಕ್ಕೆ ಮಣಿಕಟ್ಟು ಸೋಲುತ್ತೆ.

ನಿಮ್ಮ ಬಜೆಟ್ಟಿಗೆ ನನ್ನ ಆಯ್ಕೆ ಶಿಮಾನೋ ಸಿಯೆನ್ನಾ 4000. ಬಾಡಿ ಗ್ರಾಫೈಟ್, ಸ್ಪೂಲ್ ಅಲ್ಯೂಮಿನಿಯಂ, ಒಳಗೆ ಭಾಗಗಳು ಕಡಿಮೆ. ಉಪ್ಪುನೀರಿಗೆಂದೇ ಮಾಡಿದ್ದಲ್ಲ, ಸೀಲ್ ಇಲ್ಲ. ಆದರೆ ಬಿಚ್ಚಿ ಜೋಡಿಸೋದು ಸುಲಭ. ಉಳಿದ ಹಣ ಒಳ್ಳೇ ಬ್ರೇಡಿಗೆ, ಗ್ರೀಸಿಗೆ ಹಾಕಿ.

ಮಡಗಾಂವ್‌ನಿಂದ:
ಇಲ್ಲಿ ನನ್ನದು ಬೇರೆ ಅಭಿಪ್ರಾಯ ಮಾರಾಯ್ರೇ. ಬಂಗುಡೆಗಾದರೆ ಸಿಯೆನ್ನಾ ಧಾರಾಳ ಸಾಕು. ಸೇತುವೆ ಕಂಬದ ಬುಡದಲ್ಲಿ ಚೊಣಕ್ ಹಿಡಿಯೋರಿಗೆ ಸಾಲದು. ಅಲ್ಲಿ ಮೀನು ಒಂದೇ ಓಟಕ್ಕೆ ಚಿಪ್ಪು ಮೆತ್ತಿದ ಕಲ್ಲಿಗೆ ನುಗ್ಗುತ್ತದೆ, ನೀವು ತಡೆಯಲೇಬೇಕು. ಆ ಹೊತ್ತಿಗೆ ಗ್ರಾಫೈಟ್ ಬಾಡಿ ಸ್ವಲ್ಪ ಬಾಗ್ತದೆ, ದೊಡ್ಡ ಗೇರು ಮತ್ತು ಪಿನಿಯನ್ ಎಂಬ ಚಿಕ್ಕ ಗೇರಿನ ನಡುವಿನ ಹೊಂದಿಕೆ ತಪ್ತದೆ, ಹಲ್ಲು ಸವೆಯುತ್ತದೆ. ತಿರುಗಿಸುವಾಗ ಮರಳು ಅರೆದ ಹಾಗೆ ಆಗೋದು ಎಷ್ಟೋ ಸಲ ಇದರಿಂದಲೇ, ಉಪ್ಪಿನಿಂದ ಮಾತ್ರ ಅಲ್ಲ.

ಒಂದು ಸಾವಿರ ಜಾಸ್ತಿಯಾದರೂ ಪೆನ್ ಫಿಯರ್ಸ್ ಸಿಕ್ಕಿದರೆ ಬಿಡಬೇಡಿ. ಪೂರ್ತಿ ಲೋಹದ ಬಾಡಿ, ಎಚ್‌ಟಿ-100 ಕಾರ್ಬನ್ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಡುವ ಬ್ರೇಕ್). ಅಷ್ಟು ಆಗದಿದ್ದರೆ ಪೆನ್ ಪರ್ಸ್ಯೂಟ್: ಬಾಡಿ ಗ್ರಾಫೈಟೇ, ಡ್ರ್ಯಾಗ್ ಮಾತ್ರ ಕಾರ್ಬನ್. ಅಗ್ಗದ ರೀಲಿನ ಫೆಲ್ಟ್ ವಾಷರ್ ನೀರು ಕುಡಿದರೆ ಜಾರ್ತದೆ, ಒಣಗಿದರೆ ಕಚ್ಚಿಕೊಳ್ತದೆ. ಕಾರ್ಬನ್‌ಗೆ ಡ್ರ್ಯಾಗ್ ಗ್ರೀಸ್ ತೆಳ್ಳಗೆ ಸವರಿದರೆ ಒದ್ದೆಯಾದರೂ ಹೆಚ್ಚು ಕಡಿಮೆ ಒಂದೇ ಹದದಲ್ಲಿ ಎಳೆಯುತ್ತದೆ. ನೀರು ತಡೆಯುವ ಸೀಲ್ ಬೇಕೆಂದರೆ ಸ್ಪಿನ್‌ಫಿಶರ್ 6ಕ್ಕೆ ಹೋಗಬೇಕು, ಅದು ಐಪಿಎಕ್ಸ್ 5. ನಿಮ್ಮ ಬಜೆಟ್ಟಿನದಲ್ಲ. ಮತ್ತೆ ಐಪಿಎಕ್ಸ್ 5 ಅಂದರೆ ಪೈಪಿನ ನೀರು ಹೊಡೆದರೆ ತಡೀತದೆ ಅಂತ, ನೀರಿನಲ್ಲಿ ಮುಳುಗಿದರೂ ತಡೀತದೆ ಅಂತ ಅಲ್ಲ.

ಲೋಹದ ಬಾಡಿಗೂ ಒಂದು ಕಾಯಿಲೆ ಉಂಟು. ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ಹಾಕಿದಲ್ಲಿ ಉಪ್ಪುನೀರು ಕೂತರೆ ಬಿಳಿ ಪುಡಿ ಬಂದು ಸ್ಕ್ರೂ ಕಚ್ಚಿಕೊಳ್ತದೆ, ಆಮೇಲೆ ತಲೆ ಮುರಿಯುತ್ತದೆ ಹೊರತು ತಿರುಗೋದಿಲ್ಲ. ಹೊಸ ರೀಲ್ ತಂದ ದಿನವೇ ಹೊರಗಿನ ಸ್ಕ್ರೂ ಒಂದೊಂದಾಗಿ ತೆಗೆದು ಎಳೆಗೆ ಮೆರೈನ್ ಗ್ರೀಸ್ ಹಚ್ಚಿ ವಾಪಸ್ ಹಾಕಿ.

ಜುವಾರಿನಗರದಿಂದ:
ಇಬ್ಬರೂ ಹೇಳಿದ್ದು ಖರೇ ಐತಿ. ನಾ ಅಂಗಡ್ಯಾಗ ಹೆಂಗ ನೋಡಬೇಕು ಅನ್ನೂದು ಹೇಳ್ತೀನ್ರಿ. ಆನ್‌ಲೈನ್ ತರಿಸಿದ್ರೂ ವಾಪಸ್ ಮಾಡೂ ಅವಧಿಯೊಳಗ ಇಷ್ಟು ಮಾಡ್ರಿ, ಯಾಕಂದ್ರ ಹೆಸರಾಂತ ಬ್ರ್ಯಾಂಡಿನ ನಕಲಿ ಮಾಲೂ ಭಾಳ ಓಡಾಡ್ತೈತಿ.

ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಸ್ಪೂಲ್ ಹಿಡದು ಹ್ಯಾಂಡಲ್ ಹಿಂದಕ್ಕ ಒತ್ರಿ. ಹಿಂದ ಸರೀಬಾರದು. ಸರದ್ರ ಆ್ಯಂಟಿ-ರಿವರ್ಸ್ ಕ್ಲಚ್ ಸಡಿಲ ಐತಿ. ಆಮ್ಯಾಲೆ ಡ್ರ್ಯಾಗ್ ಅರ್ಧ ಸಡಿಲ ಮಾಡಿ ದಾರ ನಿಧಾನ ಎಳೀರಿ. ಮೊದಲ ಅಲುಗಾಟದಾಗ ಝಟಕ ಹೊಡೀಬಾರದು. ಚೊಣಕ್ ಬಾಯಿಂದ ಕೊಕ್ಕಿ ಕಳಚೂದು ಆ ಝಟಕದಾಗನ. ಕಡೀಕ ಲೈನ್ ರೋಲರ್, ಅಂದ್ರ ದಾರ ಹಾದು ಹೋಗೂ ಸಣ್ಣ ಗಾಲಿ: ದಾರ ಬಿಗಿ ಇದ್ದಾಗ ಅದು ತಿರಗಬೇಕು. ತಿರಗದಿದ್ರ ಬ್ರೇಡ್ ಒಂದ ಜಾಗದಾಗ ತಿಕ್ಕಿ ತಿಕ್ಕಿ ಗೆರಿ ಕೊರಿತೈತಿ, ಆ ಗೆರಿ ಮತ್ತ ಬ್ರೇಡನ್ನ ಹರಿತೈತಿ.

ಡಬ್ಬಿ ಮ್ಯಾಲಿನ 8 ಕೆಜಿ, 10 ಕೆಜಿ ಡ್ರ್ಯಾಗ್ ನೋಡಿ ಮರುಳಾಗಬ್ಯಾಡ್ರಿ. ದಾರದ ತಾಕತ್ತಿನ ನಾಕನೇ ಒಂದು ಭಾಗ ಇಟ್ರ ಸಾಕು. 20 ಪೌಂಡ್ ಅಂದ್ರ 9 ಕೆಜಿ, ಅದರಾಗ ಕಾಲು ಭಾಗ ಅಂದ್ರ ಎರಡೂಕಾಲು ಕೆಜಿ. ಬ್ಯಾಗ್ ತೂಗೂ ಡಿಜಿಟಲ್ ತಕ್ಕಡಿಗೆ ದಾರ ಕಟ್ಟಿ, ರಾಡ್ 45 ಡಿಗ್ರಿ ಎತ್ತಿ ಅಳೀರಿ. ಕಂಬದ ಹತ್ರ ಆದ್ರ 30 ಪೌಂಡ್ ದಾರ ಹಾಕಿ ಮೂರು ಕೆಜಿ ತನಕ ಹೋಗಬಹುದು. ಬಯಲು ನೀರಾಗ ಹೆಚ್ಚು ಬ್ಯಾಡ, ಮೀನು ಕಯಾಕನ್ನ ಎಳಕೊಂಡು ಹೋಗತಾನ ದಣೀತೈತಿ. ರಾಡ್ ಯಾವಾಗಲೂ ಕಯಾಕಿನ ಮೂತಿ ಕಡೆ ಇಟ್ಟು ಹಿಡೀರಿ. ಬಿಗಿ ಡ್ರ್ಯಾಗಿನಾಗ ಮೀನು ಅಡ್ಡ ಎಳದ್ರ ಕಯಾಕ್ ಮಗಚತೈತಿ. ಲೈಫ್ ಜಾಕೆಟ್ ಇಲ್ದ ಇಳೀಲೇಬ್ಯಾಡ್ರಿ ಅಣ್ಣಾ.

ಕಾಣಕೋಣದಿಂದ:
ಯಾವ ರೀಲ್ ಅನ್ನೋದರಷ್ಟೇ ಮುಖ್ಯ, ದಡಕ್ಕೆ ಬಂದ ಮೇಲಿನ ಅರ್ಧ ಗಂಟೆ. ನೀರು ಆರಿದ ಮೇಲೂ ಉಪ್ಪಿನ ಹರಳು ಒಳಗೇ ಉಳಿಯುತ್ತೆ. ನಮ್ಮ ಕರಾವಳಿಯ ತೇವದ ಗಾಳಿಯಿಂದ ಅದು ಮತ್ತೆ ಒದ್ದೆಯಾಗಿ, ಮನೆಯಲ್ಲಿಟ್ಟ ರೀಲನ್ನೂ ತಿನ್ನುತ್ತಲೇ ಇರುತ್ತೆ.

ಎರಡು ಲೀಟರ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸಿಹಿನೀರು ತುಂಬಿ ಗಾಡಿಯಲ್ಲಿಡಿ. ದಡದಲ್ಲೇ ಮೊದಲ ತೊಳೆತ ಆಗಲಿ. ತೊಳೆಯುವ ಮುಂಚೆ ಡ್ರ್ಯಾಗ್ ಬಿಗಿ ಮಾಡಿ, ಇಲ್ಲದಿದ್ದರೆ ಉಪ್ಪುನೀರು ವಾಷರ್ ಒಳಗೆ ಹೋಗುತ್ತೆ. ಮಳೆ ಹನಿಯ ಹಾಗೆ ಮೇಲಿಂದ ಸುರಿಯಬೇಕು. ಪೈಪ್ ಹಿಡಿದು ರಭಸವಾಗಿ ಹೊಡೆದರೆ ಉಪ್ಪನ್ನೇ ಒಳಕ್ಕೆ ತಳ್ಳಿದ ಹಾಗೆ. ಬಕೆಟ್ಟಿನಲ್ಲಿ ಅದ್ದಲೂಬಾರದು. ಆಮೇಲೆ ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಲ್ಲಿ ಒಣಗಿಸಿ. ಬ್ರೇಡ್ ಉಪ್ಪುನೀರು ಹೀರಿಕೊಂಡಿರುತ್ತೆ. ಆಗಾಗ ಸ್ಪೂಲ್ ಕಳಚಿ, ವಾಷರ್ ತೆಗೆದಿಟ್ಟು, ಸ್ಪೂಲ್ ಒಂದನ್ನೇ ಕಾಲು ಗಂಟೆ ಸಿಹಿನೀರಲ್ಲಿ ನೆನೆಸಿ. ವಾಷರ್ ಕೂತಿದ್ದ ಕ್ರಮ ಮರೆಯಬೇಡಿ.

ಒಣಗಿದ ಮೇಲೆ ರೀಲ್ ಎಣ್ಣೆ ಒಂದೊಂದೇ ಹನಿ: ಲೈನ್ ರೋಲರ್, ಹ್ಯಾಂಡಲ್ ಗುಬ್ಬಿ, ಬೇಲ್ (ದಾರ ಹಿಡಿದು ಸುತ್ತುವ ತಂತಿ) ಮಡಚುವ ಎರಡೂ ಕೀಲು. ಮೊದಲು ಕೆಡುವುದು ಲೈನ್ ರೋಲರ್ ಬೇರಿಂಗೇ, ಅದನ್ನು ಮಾತ್ರ ಎಂದೂ ತಪ್ಪಿಸಬೇಡಿ. ಡಬ್ಲ್ಯೂಡಿ-40 ತೇವ ಓಡಿಸಲು ಸರಿ, ಎಣ್ಣೆಯ ಬದಲಿಗಲ್ಲ. ಇದ್ದ ಗ್ರೀಸನ್ನೂ ಅದು ತೊಳೆದುಬಿಡುತ್ತೆ. ಗೇರಿಗೆ ಹಾಕುವ ಗ್ರೀಸ್ ಆ್ಯಂಟಿ-ರಿವರ್ಸ್ ಕ್ಲಚ್ಚಿಗೆ ತಾಗಬಾರದು. ಅಲ್ಲಿನ ರೋಲರ್‌ಗಳು ಅಂಟಿಕೊಂಡು ಹ್ಯಾಂಡಲ್ ಹಿಂದಕ್ಕೆ ಓಡುತ್ತೆ. ಅಲ್ಲಿಗೆ ತೆಳು ಎಣ್ಣೆ, ಅದೂ ಸ್ವಲ್ಪ.

ಕಯಾಕ್ ಮಗಚಿ ರೀಲ್ ಮುಳುಗಿದರೆ ನಾಳೆಗೆ ಇಡಬೇಡಿ. ಅದೇ ರಾತ್ರಿ ಸ್ಪೂಲ್, ಹ್ಯಾಂಡಲ್, ಪಕ್ಕದ ತಟ್ಟೆ ಬಿಚ್ಚಿ, ಹೆಜ್ಜೆ ಹೆಜ್ಜೆಗೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ದೊಡ್ಡ ಗೇರಿನ ಎರಡೂ ಬದಿ ತೆಳ್ಳನೆಯ ಶಿಮ್ ವಾಷರ್ ಇರುತ್ತೆ. ಅವು ಅದಲು ಬದಲಾದರೆ ರೀಲ್ ಗೊರಗೊರ ಅನ್ನುತ್ತೆ. ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹಳೇ ಗ್ರೀಸ್ ತೆಗೆದು ಹೊಸದು ಹಾಕಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ಅಳಿವೆಯಲ್ಲೇ ಹೆಚ್ಚು ಇರ್ತೀನಿ, ಕಂಬದ ಹತ್ತಿರವೂ ಹೋಗ್ತೀನಿ. ಹಾಗಾಗಿ ಫಿಯರ್ಸ್ 4000 ಹುಡುಕ್ತೀನಿ. ದಾರ ಸುತ್ತೋದು ಹೇಗೆ? ಅಲೆ ದಾಟುವಾಗ ರೀಲ್ ಎಲ್ಲಿಡಬೇಕು?

ವಾಸ್ಕೋದಿಂದ:
ಕಂಬದ ಹತ್ತಿರ ಹೋಗೋದಾದರೆ ಫಿಯರ್ಸೇ ಸರಿ ಸರ್, ಆ ಕೆಲಸಕ್ಕೆ ಸಿಯೆನ್ನಾ ಅಂತ ನಾನೂ ಹಟ ಹಿಡಿಯಲ್ಲ. ಸ್ಪೂಲಿನ ಬುಡದಲ್ಲಿ ರಬ್ಬರ್ ಪಟ್ಟಿ ಇದ್ದರೆ ಬ್ರೇಡ್ ನೇರ ಕಟ್ಟಬಹುದು. ಇಲ್ಲದಿದ್ದರೆ ಮೊದಲು ಹತ್ತು ಸುತ್ತು ನೈಲಾನ್ ದಾರ ಸುತ್ತಿ, ಡಬಲ್ ಯೂನಿ ಗಂಟಿನಿಂದ ಬ್ರೇಡ್ ಸೇರಿಸಿ. ಬರೀ ಬ್ರೇಡ್ ಆದರೆ ಸ್ಪೂಲ್ ಮೇಲೆ ಇಡೀ ಸುರುಳಿಯೇ ಜಾರುತ್ತೆ, ಡ್ರ್ಯಾಗ್ ಕೆಟ್ಟಿದೆ ಅಂತ ತಪ್ಪು ತಿಳೀತೀರಿ. ಒದ್ದೆ ಬಟ್ಟೆಯಲ್ಲಿ ಬಿಗಿ ಹಿಡಿದು ಸುತ್ತಿ, ಅಂಚಿನಿಂದ ಎರಡು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಎಸೆದ ಮೇಲೆ ಬೇಲನ್ನು ಕೈಯಲ್ಲೇ ಮುಚ್ಚಿ, ದಾರ ಒಮ್ಮೆ ಎಳೆದು ಬಿಗಿ ಮಾಡಿ ತಿರುಗಿಸಿ. ಗಾಳಿಯಲ್ಲಿ ಗಂಟು ಬೀಳೋದು ಆ ಮೊದಲ ಸಡಿಲ ಸುತ್ತಿನಿಂದ. ತುದಿಗೆ 40 ಪೌಂಡಿನ ಲೀಡರ್ (ಕೊಕ್ಕೆ ಕಡೆಯ ಗಟ್ಟಿ ದಾರ) ಒಂದು ಮೀಟರ್ ಇರಲಿ, ಚೊಣಕ್ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ.

ಅಲೆ ದಾಟುವಾಗ ರಾಡ್ ನಿಲ್ಲಿಸಬೇಡಿ. ಮಲಗಿಸಿ ಕಟ್ಟಿ, ಉದ್ದಕ್ಕೆ ಜಾಗವಿದ್ದರೆ ಹ್ಯಾಚ್ (ಕಯಾಕಿನ ಮುಚ್ಚಳವಿರೋ ಒಳಜಾಗ) ಒಳಗೇ ಇಡಿ. ರೀಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮರಳು ನುಗ್ಗೋದು ಅಲ್ಲೇ. ದಾಟಿದ ಕೂಡಲೇ ಚೀಲ ತೆಗೆಯಿರಿ. ರಾಡಿಗೆ ಹಗ್ಗ ಕಟ್ಟಿ ಕಯಾಕಿಗೆ ಬಿಗಿಯೋದು ಅಲೆ ದಾಟಿದ ಮೇಲೆ, ಅಲೆಯಲ್ಲಿ ಆ ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತೆ.

ಕಾಣಕೋಣದಿಂದ:
ಒಂದು ಸೇರಿಸ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಯಾಕ್ ಸಮುದ್ರಕ್ಕೆ ಇಳಿಸೋ ಮಾತೇ ಇಲ್ಲ. ಆಗ ರೀಲನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಕೂರುತ್ತೆ. ಬಿಚ್ಚಿ ಗ್ರೀಸ್ ಬದಲಿಸಿ, ಡ್ರ್ಯಾಗ್ ಸಡಿಲ ಬಿಟ್ಟು, ಹತ್ತಿ ಬಟ್ಟೆಯ ಚೀಲದಲ್ಲಿ ಕಪಾಟಿನ ಮೇಲಿನ ಅರೆಯಲ್ಲಿಡಿ. ಹದಿನೈದು ದಿನಕ್ಕೊಮ್ಮೆ ಹ್ಯಾಂಡಲ್ ನಾಲ್ಕು ಸುತ್ತು ತಿರುಗಿಸಿ.