‘ಕೂತು ಮಾಡುವ ಕೆಲಸ’ಕ್ಕೆ ಕೂಲಿ ಕಮ್ಮಿಯೇ? – ಓದುಗರ ಸ್ಪಂದನ

ಕಳೆದ ವಾರದ ಪತ್ರ: ‘ನಾನು ಅಡಿಕೆ ಸುಲಿಯಲು ಹೋಗುತ್ತೇನೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ತಮ್ಮನಿಗೆ ನನಗಿಂತ ಎಷ್ಟೋ ಜಾಸ್ತಿ ಕೂಲಿ. ಕೇಳಿದರೆ, ನಿನ್ನದು ಕೂತು ಮಾಡುವ ಕೆಲಸ ಎನ್ನುತ್ತಾರೆ. ಕೇಳಿದ್ದು ತಪ್ಪಾ?’

ಖಂಡಿತ ತಪ್ಪಲ್ಲ ಅಕ್ಕಾ. ನಾನೂ ಇಪ್ಪತ್ತು ವರ್ಷ ಅಡಿಕೆ ಸುಲಿಯುವ ಮೆಟ್ಟುಕತ್ತಿ ಮುಂದೆ ಕೂತವಳು. ಕತ್ತಿ ಜಾಸ್ತಿ ಇಳಿದರೆ ಅಡಿಕೆಗೆ ಗಾಯ, ಕೈ ತಪ್ಪಿದರೆ ಬೆರಳಿಗೆ ಗಾಯ. ಸುಗ್ಗಿ ಮುಗಿಯುವಷ್ಟರಲ್ಲಿ ಹೆಬ್ಬೆರಳು ಕಪ್ಪಾಗಿ ಒಡೆದಿರುತ್ತದೆ. ಸಾರು ಅನ್ನ ಕಲಸಿದರೆ ಉರಿ. ಹಸಿ ಅಡಿಕೆ ಕಾಯುವುದಿಲ್ಲ, ಬೇಗ ಸುಲಿದು ಬೇಯಿಸಬೇಕು. ಹಾಗಾಗಿ ರಾತ್ರಿಯೂ ಕೂರುತ್ತೇವೆ.

ಮರ ಹತ್ತುವವರಿಗೆ ಜಾಸ್ತಿ ಕೊಡಲಿ, ಬಿದ್ದರೆ ಜೀವವೇ ಹೋಗುತ್ತದೆ. ಆದರೆ ನಮ್ಮೂರಿಗೆ ಸುಲಿಯುವ ಮೆಷಿನ್ ಬಂದಾಗ ಏನಾಯ್ತು ಗೊತ್ತಾ? ಅದೇ ಅಡಿಕೆ, ಅದೇ ಸಿಪ್ಪೆ. ಮೆಷಿನ್ ನಡೆಸಲು ಗಂಡಸರು ಬಂದರು, ಕೂಲಿ ನಮ್ಮ ಎರಡರಷ್ಟು. ಅವರೂ ಮರ ಹತ್ತುವುದಿಲ್ಲವಲ್ಲ! ನಾವು ಪಕ್ಕದಲ್ಲಿ ಕೂತು, ಅದು ಅರೆಬರೆ ಸುಲಿದು ಹಾಕಿದ್ದನ್ನು ಮತ್ತೆ ಸುಲಿಯುತ್ತೇವೆ. ಆ ಮೆಷಿನ್ ನಡೆಸುವುದನ್ನು ನಮಗೆ ಯಾರೂ ಕಲಿಸಲಿಲ್ಲ.
– ಓದುಗಿ, ಸಾಗರ ತಾಲ್ಲೂಕು

ನಾವು ತೋಟದವರು. ಪತ್ರ ಓದಿ ಮನೆಯ ಕೂಲಿ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಮಾವನ ಕಾಲದಿಂದಲೂ ಎರಡೇ ಸಾಲು: ಗಂಡಾಳು, ಹೆಣ್ಣಾಳು. ಯಾವ ಕೆಲಸ ಅಂತ ಎಲ್ಲೂ ಬರೆದಿಲ್ಲ. ಹತ್ತು ವರ್ಷದಿಂದ ಅದನ್ನು ಬರೆಯುತ್ತಿರುವವಳು ನಾನೇ. ಮನಸ್ಸಿಗೆ ತುಂಬಾ ಕಷ್ಟವಾಯ್ತು. ಈ ಸಲದಿಂದ ಕೆಲಸದ ಹೆಸರು ಬರೆದೇ ಕೂಲಿ ಹಾಕುತ್ತೇನೆ.
– ಓದುಗಿ, ಶಿರಸಿ

ಸಮಾನ ಕೂಲಿಯ ಕಾಯ್ದೆ 1976ರಲ್ಲೇ ಬಂತು. ಈಗ ಅದು 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಆದರೆ ಅದು ಹೇಳುವುದು ಒಂದೇ ಕೆಲಸ ಅಥವಾ ಅದೇ ಬಗೆಯ ಕೆಲಸಕ್ಕೆ. ಕೊಯ್ಯುವುದು ಬೇರೆ, ಸುಲಿಯುವುದು ಬೇರೆ ಅಂದುಬಿಟ್ಟರೆ ಮುಗೀತು. ಹಾಗಂತ ‘ಬೇರೆ’ ಅನ್ನುವ ಮಾತನ್ನು ಸುಮ್ನೆ ಒಪ್ಪಬೇಡಿ. ಆಡ್ರಿ ಡಿಕೋಸ್ಟಾ ಎಂಬ ಸ್ಟೆನೋಗ್ರಾಫರ್ ಗಂಡಸರಷ್ಟೇ ಸಂಬಳ ಕೇಳಿದಾಗ, ಹೆಂಗಸರದ್ದು ಬೇರೆ ವರ್ಗ ಎಂದು ಕಂಪನಿ ವಾದಿಸಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ನಿಮಗೆ ನನ್ನ ಸಲಹೆ ಇಷ್ಟೇ. ಒಬ್ಬರೇ ಕೇಳಬೇಡಿ, ಸುಲಿಯುವವರೆಲ್ಲ ಸೇರಿ ಕೇಳಿ. ಕೊಯ್ಲು ಶುರುವಾಗುವ ಮೊದಲೇ ಕೆಜಿಗೆ ಇಷ್ಟು ಅಂತ ಮಾತಾಡಿ. ಕೊಯ್ದ ಅಡಿಕೆ ಅಂಗಳಕ್ಕೆ ಬಿದ್ದರೆ ನಿಮ್ಮ ಕೈ ಇಲ್ಲದೆ ತೋಟದವರಿಗೂ ಆಗುವುದಿಲ್ಲ, ಅಲ್ವಾ? ತೂಕ ಹಾಕುವಾಗ ತಕ್ಕಡಿ ಹತ್ತಿರವೇ ನಿಲ್ಲಿ.
– ಓದುಗ, ತೀರ್ಥಹಳ್ಳಿ